ಹಳೇಬೀಡಿನ ದಾರಿಯಲ್ಲಿ ಅಮ್ಮನಿಗೆ ಬಂದ ಜ್ವರ

ನಮ್ಮ ಮನೆಯಿರುವ ಅರಸೀಕೆರೆಯಿಂದ ಹಳೇಬೀಡಿಗೆ ಕಾರಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಅಮ್ಮ ಅದನ್ನು ಇನ್ನೂ ನೋಡಿಲ್ಲ. ಹೊರಡದೆ ಅಲ್ಲ. ನಾನು ದಿನಚರಿ ಬರೆಯತೊಡಗಿದ ಮೇಲೆಯೇ, ಬೇಸಿಗೆ ಏರುವ ಮುಂಚಿನ ಒಂದೊಂದು ಭಾನುವಾರ ನೋಡಿಕೊಂಡು ನಾಲ್ಕು ಸಲ ಹೊರಟಿದ್ದೇವೆ. ನಾಲ್ಕೂ ಸಲ ಜಾವಗಲ್ ದಾಟಿದ ಮೇಲೆ ರಸ್ತೆಯ ಬದಿಗೇ ಇರುವ ದೊಡ್ಡಮ್ಮನ ಮನೆಯಲ್ಲಿ ಐದೇ ನಿಮಿಷ ಎಂದು ಇಳಿದು, ಒಬ್ಬಟ್ಟು ತಿಂದು, ಚಾಪೆಯ ಮೇಲೆ ಉರುಳಿ, ಸಂಜೆ ಕಾಫಿ ಕುಡಿದು, ಡಿಕ್ಕಿಯ ತುಂಬ ಎಳನೀರು ಹೇರಿಕೊಂಡು ವಾಪಸು ಬಂದಿದ್ದೇವೆ. ದೊಡ್ಡಮ್ಮ ಎಂದರೆ ಅಮ್ಮನ ಸ್ವಂತ ಅಕ್ಕ. ಉಣ್ಣದೆ ಆಕೆಯ ಬಾಗಿಲು ದಾಟಿದವರು ನಮ್ಮ ವಂಶದಲ್ಲಿ ಇಲ್ಲ.

"ಐವತ್ತು ತುಂಬೋದ್ರೊಳಗಾದ್ರೂ ತೋರಿಸ್ತೀರೇನ್ರೀ?" ಎಂದು ಅಮ್ಮ ಅಪ್ಪನನ್ನು ಕೇಳಿದ್ದು ಶಿವರಾತ್ರಿಯ ಮರುದಿನ. ಐವತ್ತು ತುಂಬಲು ಮೂರು ವಾರವೂ ಇರಲಿಲ್ಲ. ಅಪ್ಪ ಪತ್ರಿಕೆ ಮಗುಚಿದರು. ಹಾಗಾಗಿ ಸದರಿ ಪ್ರವಾಸದ ಸಂಪೂರ್ಣ ಹೊಣೆಯನ್ನು ನಾನು ವಹಿಸಿಕೊಂಡೆ.

ನನ್ನ ಯೋಜನೆ ಸರಳವಾಗಿತ್ತು. ದೊಡ್ಡಮ್ಮನ ಊರಿಗೆ ಮೊದಲೇ ಎಡಕ್ಕೆ ಒಂದು ಒಳದಾರಿ ಇದೆ. ತೋಟಗಳ ನಡುವೆ ಸುತ್ತಿ, ಊರು ಕಳೆದ ಮೇಲೆ ಮತ್ತೆ ದೊಡ್ಡ ರಸ್ತೆಗೆ ಸೇರುತ್ತದೆ. ಮೊಬೈಲಿನಲ್ಲಿ ಅದರ ಪ್ರತಿ ತಿರುವನ್ನೂ ಅಭ್ಯಾಸ ಮಾಡಿದೆ. ಭಾನುವಾರ ಅಮ್ಮ ಹೊಸ ಸೀರೆ ಉಟ್ಟು, ಜಡೆಯ ತುಂಬ ಮಲ್ಲಿಗೆ ಮುಡಿದು, ಪುಳಿಯೋಗರೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು.

ಬಾಣಾವರದ ಹತ್ತಿರ ಫೋನು ಬಂತು. ದೊಡ್ಡಮ್ಮ! ಆಕೆ ಪ್ರತಿ ಭಾನುವಾರ ಫೋನು ಮಾಡುತ್ತಾಳೆ ಎಂಬುದು ನನ್ನ ದಿನಚರಿಯಲ್ಲಿ ಪ್ರತಿ ವಾರ ದಾಖಲಾಗಿದೆ. ಯೋಜನೆಯಲ್ಲಿ ದಾಖಲಾಗಿರಲಿಲ್ಲ.

"ಮನೇಲೇ ಇದ್ದೀವಿ ದೊಡ್ಡಮ್ಮ. ಅಮ್ಮಂಗೆ ಸ್ವಲ್ಪ ಜ್ವರ, ಮಲಗಿದಾರೆ" ಎಂದೆ. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಅದನ್ನು ನಮ್ಮ ಬೀದಿಯ ಲಾರಿ ಎಂದು ವಿವರಿಸಿದೆ.

"ಬರೋ ಜ್ವರ ನಿಮ್ಮಪ್ಪಂಗೆ ಬರಬಾರ್ದಿತ್ತೇನೇ?" ಎಂದಳು ಅಮ್ಮ, ಫೋನು ಇಟ್ಟ ಮೇಲೆ.

ಒಳದಾರಿ ಅರ್ಧ ಸಾಗಿತ್ತು. ರಸ್ತೆಯ ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು ನಮ್ಮ ಕಡೆ ಹೀಗೆ ಹರಡುತ್ತಾರೆ. ಅಪ್ಪ ಅನುಮಾನಿಸಿದರು. ನಡೀರಪ್ಪ, ಏನಾಗಲ್ಲ ಎಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಳ್ಳಿಯೆಲ್ಲ ಚಕ್ರದ ಒಳಗಡೆ ಸುತ್ತಿಕೊಂಡು, ಸುಟ್ಟ ವಾಸನೆ ಬಂದು, ಕಾರು ನಿಂತಿತು. ಹೊಂಗೆ ಮರದ ಕೆಳಗೆ ಹುರುಳಿ ಕೆದಕುತ್ತಿದ್ದ ಹೆಂಗಸೊಬ್ಬಳು ಸೊಂಟ ನೇರ ಮಾಡಿ ನಮ್ಮ ಕಡೆ ತಿರುಗಿದಳು.

ದೊಡ್ಡಮ್ಮನ ಮನೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಆಕೆಯ ತೋಟ ಈ ಒಳದಾರಿಯಲ್ಲೇ ಇದೆ ಎಂದು ಗೊತ್ತಿರಲಿಲ್ಲ. ಆ ಮನೆಯಲ್ಲಿ ಊಟದ ಎಲೆ ಬಿಟ್ಟು ಮುಂದಕ್ಕೆ ಹೋಗಲು ನನಗೆ ಎಂದೂ ಪುರಸೊತ್ತಾದದ್ದಿಲ್ಲ.

ಅಮ್ಮ ಅಷ್ಟರಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ದೊಡ್ಡಮ್ಮ ಹಣೆ ಮುಟ್ಟಿದಳು. ಏಸಿ ಇಲ್ಲದ ಕಾರು. ಹಣೆ ನಿಜವಾಗಿಯೂ ಬಿಸಿಯಿತ್ತು.

"ಕೆಂಡ ಆಗೈತಲ್ಲೇ ಗಿರಿಜ. ಆಸ್ಪತ್ರೆಗೆ ಹೊಂಟಿದ್ರಾ?"

"ಹೌದಕ್ಕ" ಎಂದರು ಅಪ್ಪ. ಇಡೀ ಪ್ರವಾಸಕ್ಕೆ ಅವರ ಕೊಡುಗೆ ಇಷ್ಟೇ. ಆಸ್ಪತ್ರೆ ಅರಸೀಕೆರೆಯಲ್ಲೇ ಇತ್ತಲ್ಲ ಎಂದು ದೊಡ್ಡಮ್ಮ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಮ್ಮನನ್ನು ತೋಟದ ಆಚೆ ತುದಿಗಿದ್ದ ಮನೆಗೆ ನಡೆಸಿಕೊಂಡು ಹೋಗಿ, ಒಳಕೋಣೆಯಲ್ಲಿ ಮಲಗಿಸಿ, ಆ ಬಿಸಿಲಲ್ಲಿ ಕಂಬಳಿ ಹೊದಿಸಿ, ಮೆಣಸಿನ ಕಷಾಯ ಕುಡಿಸಲಾಯಿತು. ಊಟಕ್ಕೆ ಗಂಜಿ. ನಡುಮನೆಯಲ್ಲಿ ನನಗೂ ಅಪ್ಪನಿಗೂ ಒಬ್ಬಟ್ಟು, ಜೊತೆಗೆ ಅಮ್ಮ ಬೆಳಗಿನ ಜಾವ ಎದ್ದು ಕಲಸಿದ್ದ ಪುಳಿಯೋಗರೆ. ಜ್ವರದವರಿಗೆ ಒಗ್ಗರಣೆಯ ಘಾಟು ತಾಗಬಾರದೆಂದು ದೊಡ್ಡಮ್ಮ ಕೋಣೆಯ ಬಾಗಿಲು ಹಾಕಿದಳು. ಮುಚ್ಚುವ ಮೊದಲು ಅಮ್ಮ ನನ್ನನ್ನು ನೋಡಿದಳು. ಆ ನೋಟವನ್ನು ದಿನಚರಿಯಲ್ಲಿ ಬರೆದಿಲ್ಲ.

ಸಂಜೆಯವರೆಗೆ ನಾನೂ ಅಪ್ಪನೂ ಕಾರಿನಡಿ ಮಲಗಿ ಕುಡುಗೋಲಿನಿಂದ ಹುರುಳಿ ಬಳ್ಳಿ ಕೊಯ್ದೆವು. ದೊಡ್ಡಮ್ಮ ಅಲ್ಲಿಗೇ ಕಾಫಿ ತಂದಳು.

"ಜ್ವರದವಳು ಜಡೆ ತುಂಬ ಮಲ್ಲಿಗೆ ಮುಡ್ಕೊಂಡು ಬತ್ತಾಳೇನಮ್ಮಿ?"

ನಾನು ಕಾರಿನಡಿಯೇ ಉಳಿದೆ.

"ಹಳೇಬೀಡಿಗೆ ಹೋಗೋರೆಲ್ಲ ಇಲ್ಲೇ ಇಳೀತಾರೆ. ಬೇಯ್ಸಿ ಹಾಕ್ತೀನಿ. ಈ ಊರಿಗೆ ಬಂದು ಮೂವತ್ತು ವರ್ಸ ಆಯ್ತು, ಆ ಗುಡಿ ಬಾಗ್ಲು ಯಾವ ಕಡೀಕೈತೆ ಅಂತ ನಂಗೊತ್ತಿಲ್ಲ. ಹೇಳಿದ್ರೆ ನಾನೂ ಬತ್ತಿದ್ದೆ."

ನಾವು ಆಕೆಯಿಂದ ತಪ್ಪಿಸಿಕೊಳ್ಳಲು ನೋಡಿದ್ದೆವು. ಆಕೆಗೆ ತನ್ನ ಒಲೆಯಿಂದ ತಪ್ಪಿಸಿಕೊಳ್ಳಬೇಕಿತ್ತು. ಇಂಥದ್ದೊಂದು ಸಾಧ್ಯತೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಮ್ಮ ಕಂಬಳಿ ಹೊದ್ದೇ ಅಕ್ಕನ ಹಿಂದೆ ಬಂದು ನಿಂತಿದ್ದಳು.

"ನೀನೂ ನೋಡಿಲ್ವೇನಕ್ಕ?"

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ಮುಂದಿನ ಭಾನುವಾರ ಅವರಿಬ್ಬರೂ ದೊಡ್ಡಮ್ಮನ ಮನೆ ಮುಂದೆಯೇ ಬಸ್ಸು ಹತ್ತಿ, ಯಾವ ಯೋಜನೆಯೂ ಇಲ್ಲದೆ ಹಳೇಬೀಡು ತಲುಪಿದರು. ನನ್ನನ್ನು ದೊಡ್ಡಮ್ಮನ ಅಡುಗೆಮನೆಯಲ್ಲಿ ನೇಮಿಸಲಾಗಿತ್ತು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಕೂಡದು ಎಂಬುದೊಂದೇ ಆಜ್ಞೆ. ಮಧ್ಯಾಹ್ನದೊಳಗೆ ಎರಡು ಕಾರು, ಒಂದು ಬೈಕು; ಒಟ್ಟು ಹನ್ನೊಂದು ಜನ, ಎಲ್ಲರೂ ಐದೇ ನಿಮಿಷಕ್ಕೆಂದು ಇಳಿದವರು. ನನ್ನ ಒಬ್ಬಟ್ಟುಗಳು ಹಂಚಿಗೆ ಅಂಟಿದವು. ಅಪ್ಪ ಚಾಪೆಯ ಮೇಲೆ ಮಲಗಿದ್ದರು. ಫೋನಿಗೆ ಒಂದು ಫೋಟೋ ಬಂತು: ದೊಡ್ಡ ನಂದಿಯ ಪಕ್ಕದಲ್ಲಿ ಅಕ್ಕತಂಗಿಯರು, ಇಬ್ಬರ ಜಡೆಯಲ್ಲೂ ಮಲ್ಲಿಗೆ.

ಮೂರು ಗಂಟೆಗೆ ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದೆ. ಪರಿಚಯದ ಕಾರೊಂದು ವೇಗವನ್ನೂ ತಗ್ಗಿಸದೆ ಹಾದುಹೋಯಿತು. ಒಳಗೆ ನಮ್ಮ ಬಾಣಾವರದ ಚಿಕ್ಕಪ್ಪ ಬಹಳ ಗಂಭೀರವಾಗಿ ಆಚೆ ಬದಿಯ ತೆಂಗಿನ ಮರಗಳನ್ನು ನೋಡುತ್ತಿದ್ದರು. ಚಿಕ್ಕಮ್ಮ, ಜ್ವರ ಬಂದವರ ಹಾಗೆ, ಕಿಟಕಿಗೆ ತಲೆಯಾನಿಸಿದ್ದರು.

ಎಂಥ ಜನ! ಉಣ್ಣದೆ ಹೋಗುವುದೆಂದರೆ ಏನರ್ಥ? ಸೌಟು ಹಿಡಿದುಕೊಂಡೇ ಕಾರಿನ ಹಿಂದೆ ರಸ್ತೆಯಲ್ಲಿ ಓಡಿದೆ.