ಬಡಿದರೆ ತಡೆಯುವ ಅಂಟು

ನಮ್ಮ ಚಾಚಾ ಹೆಂಡತಿಯನ್ನು ಆರಿಸಿದ್ದು ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ. ಕಲ್ಲಿಗೆ ಕಲ್ಲು ಕೂಡಿಸುವ ಅಂಟನ್ನು ಆರಿಸಲು ಮಾತ್ರ ಅವರಿಗೆ ಒಂದು ಮಳೆಗಾಲ ಸಾಲುವುದಿಲ್ಲ. ಇದು ನನ್ನ ಮಾತಲ್ಲ, ಚಾಚಿಯದು. ಅದನ್ನು ಅವಳು ಹೇಳುವುದು ಚಾಚಾ ಊಟಕ್ಕೆ ಕುಳಿತು, ಬಾಯಿ ತುಂಬ ತುತ್ತು ಇದ್ದು, ಉತ್ತರ ಕೊಡಲು ಬಾರದಂತಿರುವಾಗ.

"ಆ ಡಬ್ಬಿ ನೋಡೋವಷ್ಟು ನನ್ನ ನೋಡಿದ್ದಿದ್ರ, ನಾ ಇವರ ಕೈಯಾಗಿಂದ ಪಾರಾಗತಿದ್ದೆ."

ರಾಣೆಬೆನ್ನೂರಿನಲ್ಲಿ ನಮ್ಮದು ಕಲ್ಲು ಕೊಯ್ಯುವ ಅಂಗಡಿ. ಅಡುಗೆಮನೆಯ ಕಟ್ಟೆ, ಮೆಟ್ಟಿಲು, ತುಳಸಿಕಟ್ಟೆ, ಗೋರಿಯ ಹಾಸು, ಏನು ಬೇಕಾದರೂ ಅಳತೆಗೆ ಕೊಯ್ದು, ಅಂಚು ತಿಕ್ಕಿ, ಕೂಡಿಸಿ ಕೊಡುತ್ತೇವೆ. 'ಕೊಡುತ್ತೇವೆ' ಎಂದರೆ ಚಾಚಾ ಕೊಡುತ್ತಾರೆ. ನಾನು ಫೋನ್ ಎತ್ತುತ್ತೇನೆ, ಅಳತೆ ತಪ್ಪು ಬರೆದುಕೊಳ್ಳುತ್ತೇನೆ, ಬಂದು ಹೋದ ಗಿರಾಕಿಗಳ ದನಿ ತೆಗೆದು ಉಳಿದವರನ್ನು ನಗಿಸುತ್ತೇನೆ. ಎರಡು ಸಲ ಡಿಪ್ಲೊಮಾ ಫೇಲಾದವನಿಗೆ ಇದಕ್ಕಿಂತ ದೊಡ್ಡ ಹುದ್ದೆ ಹಾವೇರಿ ಜಿಲ್ಲೆಯಲ್ಲಿ ಖಾಲಿ ಇರಲಿಲ್ಲ.

ಅಂಟು ಎಂದರೆ ಅಂಟು, ಅದರಲ್ಲಿ ಆರಿಸುವುದೇನು ಎನ್ನುತ್ತೀರಾ? ಚಾಚಾನ ಮುಂದೆ ಅನ್ನಬೇಡಿ. ಗಳಿಗೆಯಲ್ಲಿ ಗಟ್ಟಿಯಾಗುವುದುಂಟು, ಒಂದು ದಿನ ತೆಗೆದುಕೊಂಡು ಜನ್ಮವಿಡೀ ಹಿಡಿದುಕೊಳ್ಳುವ ಎಪಾಕ್ಸಿಯುಂಟು, ಬಿಸಿಲಿಗೆ ಹಳದಿಯಾಗುವುದುಂಟು, ನೀರು ಕಂಡರೆ ಕೈಬಿಡುವುದುಂಟು. ಗುಣ ನೆನಪಿರಲೆಂದು ಚಾಚಾ ಒಂದೊಂದು ಡಬ್ಬಿಗೂ ಒಬ್ಬೊಬ್ಬ ನೆಂಟರ ಹೆಸರಿಟ್ಟಿದ್ದಾರೆ. ಬೇಗ ಹಿಡಿದು ಬೇಗ ಬಿಡುವ ಡಬ್ಬಿಗೆ ಚಾಚಿಯ ಅಣ್ಣನ ಹೆಸರು, ಭಾಯಿಜಾನ್. ಒಮ್ಮೆ ಆ ಭಾಯಿಜಾನ್ ಖುದ್ದಾಗಿ ಅಂಗಡಿಗೆ ಬಂದು ಹೊರಗೆ ಕುರ್ಚಿಯಲ್ಲಿ ಕುಳಿತಿದ್ದರು. ಅದು ತಿಳಿಯದ ಚಾಚಾ ಒಳಗಿನಿಂದ ಕೂಗಿದರು: "ಲೇ, ಭಾಯಿಜಾನ್‌ಗ ಮುಚ್ಚಳ ಹಾಕಿಲ್ಲೇನೋ? ನಾತ ಹೊಡ್ಯಾಕತ್ತೈತಿ."

ಆ ವರ್ಷ ರಂಜಾನ್ ಹಬ್ಬದ ಸುರಕುಂಬಾ ಪಾಯಸ ಕುಡಿಯಲು ಅವರು ಬರಲಿಲ್ಲ.

ಡಬ್ಬಿಯ ಮೇಲೆ ಬರೆದದ್ದನ್ನು ಚಾಚಾ ನಂಬುವುದಿಲ್ಲ. "ಅದು ಡಬ್ಬಿ ಮಾತು, ನನಗ ಕಲ್ಲಿನ ಮಾತು ಬೇಕು" ಎನ್ನುತ್ತಾರೆ. ಎರಡು ತುಂಡು ಗ್ರಾನೈಟ್ ಅಂಟಿಸಿ, ಎರಡು ಇಟ್ಟಿಗೆಗಳ ಮೇಲೆ ಸೇತುವೆಯಂತೆ ಇಟ್ಟು, ಮೇಲೆ ಒಬ್ಬರನ್ನು ನಿಲ್ಲಿಸುವುದು ಅವರ ಪರೀಕ್ಷೆ. ನಿಲ್ಲಬೇಕಾದವನು ಅಂಟು ಮಾರಲು ಬಂದವನೇ. ಹುಬ್ಬಳ್ಳಿಯಿಂದ ಬಂದ ಒಬ್ಬ ದಪ್ಪ ಮಾರಾಟಗಾರ ಟೈ ಸರಿಮಾಡಿಕೊಂಡು ಹತ್ತಿ ನಿಂತ. ಕಲ್ಲು ಮುರಿಯಲಿಲ್ಲ. ಚಾಚಾ ಚಹಾ ತರಿಸಿದರು, ಕುಡಿದರು, ಒಬ್ಬ ಗಿರಾಕಿಯ ಜೊತೆ ಮಾತಾಡಿ ಕಳಿಸಿದರು. ಆತ ನಿಂತೇ ಇದ್ದ.

"ಇಳೀಲೇನ್ರಿ?"

"ಯಾಕ್ರಿ ಸರ? ಗ್ಯಾರಂಟಿ ಹತ್ತು ವರ್ಷ ಅಂತ ಬರದೀರಲ್ಲ."

ಇಂಥ ಮನುಷ್ಯನ ಬಳಿಗೆ ಬ್ಯಾಡಗಿಯ ಶಾಂತವ್ವ ಒಂದು ಚೀಲ ಹೊತ್ತು ಬಂದಳು. ಅವಳದು ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಸಣ್ಣ ಖಾನಾವಳಿ. ಚೀಲದಲ್ಲಿದ್ದುದು ರೊಟ್ಟಿ ಬಡಿಯುವ ಕರಿಕಲ್ಲಿನ ಹಲಗೆ, ಮದುವೆಯಾಗಿ ಬರುವಾಗ ತವರೂರು ಗಳಗನಾಥದಿಂದ ಅವಳ ಜೊತೆ ಬಂದದ್ದು. ಮೊಮ್ಮಗನ ಸೈಕಲ್ ತಾಗಿ, ಕಟ್ಟೆಯಿಂದ ಬಿದ್ದು, ಎರಡು ಹೋಳಾಗಿತ್ತು.

"ಹೊಸಾದು ಕೊಡತೀನಿ ಅನಬ್ಯಾಡ್ರಿ. ಇದನ್ನ ಕೂಡಿಸಿ ಕೊಡ್ರಿ. ಕಟಗಿ ಹಲಗಿ ಮ್ಯಾಲೆ ಬಡದ್ರ ನನ್ನ ಕೈಗೆ ರೊಟ್ಟಿ ಬರವಲ್ದು. ಉಣ್ಣಾಕ ಬರೋ ಮಂದಿ ಎದುರಿನ ಖಾನಾವಳಿಗೆ ಹೊಂಟಾರ."

ಚಾಚಾ ಮುರಿದ ಅಂಚಿನ ಮೇಲೆ ಹೆಬ್ಬೆರಳಾಡಿಸಿ, "ಎಂಟು ದಿನ" ಎಂದರು. ನಾನು ಆಗಲೇ ಅವಳನ್ನು ಬದಿಗೆ ಕರೆದು ಎಚ್ಚರಿಸಬೇಕಿತ್ತು.

ತೊಡಕು ಖರೆಯೇ ಇತ್ತು ಅನ್ನಿ. ಅಡುಗೆ ಕಟ್ಟೆಯನ್ನು ಯಾರೂ ದಿನಕ್ಕೆ ನೂರಾರು ಸಲ ಅಂಗೈಯಿಂದ ಬಡಿಯುವುದಿಲ್ಲ. ಈ ಕಲ್ಲನ್ನು ಬಡಿಯುತ್ತಾರೆ, ತೊಳೆಯುತ್ತಾರೆ, ಅದರ ಮೇಲಿನದ್ದನ್ನು ತಿನ್ನುತ್ತಾರೆ. ಯಾವ ಡಬ್ಬಿಯ ಮೇಲೂ ರೊಟ್ಟಿಯ ಸುದ್ದಿ ಇರಲಿಲ್ಲ. ಚಾಚಾ ಅಂಟಿನ ಕಂಪನಿಯ ಬೆಂಗಳೂರು ಎಂಜಿನಿಯರಿಗೆ ಫೋನ್ ಹಚ್ಚಿದರು. ನಾನು ಸ್ಪೀಕರ್ ಒತ್ತಿದೆ.

"ಸರ, ನಿಮ್ಮ ಅಂಟು ದಿನಾ ಬಡದ್ರ ತಡೀತೈತೇನ್ರಿ?"

"ಯಾರನ್ನ ಸರ್?"

"ರೊಟ್ಟೀನ್ರಿ."

"ರೊಟ್ಟಿನ ಯಾಕ್ ಸರ್ ಬಡೀತೀರ?"

"ತಿನ್ನಾಕ."

ಆ ಕಡೆ ಕೀಲಿಮಣೆ ಟಕಟಕ ಅಂದಿತು. ಆಮೇಲೆ, "ನಿಮ್ಮ ದೂರನ್ನ ದಾಖಲಿಸಿಕೊಂಡಿದ್ದೀನಿ ಸರ್."

ಎರಡು ದಿನ ಇಡೀ ಓಣಿಗೆ ಆ ಎಂಜಿನಿಯರನ ದನಿ ತೆಗೆದು ತೋರಿಸಿದೆ. ಚಾಚಾ ಮಾತ್ರ ಒಂದು ಚೀಲ ಜೋಳದ ಹಿಟ್ಟು ತಂದರು. ಐದು ಅಂಟುಗಳಿಂದ ಐದು ಜೋಡಿ ಕರಿಕಲ್ಲು ಕೂಡಿಸಿ, ಅಂಗಡಿಯಲ್ಲೇ ಕುಳಿತು ರೊಟ್ಟಿ ಬಡಿಯಲು ಕಲಿತರು. ಒಂದೊಂದು ರೊಟ್ಟಿಯೂ ಒಂದೊಂದು ತಾಲ್ಲೂಕಿನ ನಕಾಶೆಯಂತೆ ಬರುತ್ತಿತ್ತು. ಹಾವೇರಿಯಂಥದ್ದನ್ನು ನಾನು ತಿಂದಿದ್ದೇನೆ. ಬೀದಿ ನಾಯಿ ಮೂಸಿ ಬಿಟ್ಟದ್ದು ಹಿರೇಕೆರೂರು. ಚಾಚಿ ಬಾಗಿಲಲ್ಲಿ ನಿಂತು ನೋಡಿದಳು.

"ಮನ್ಯಾಗ ಒಂದು ವಾಟಗಾ ನೀರು ತುಂಬಕೊಂಡವರಲ್ಲ" ಎಂದು ಹೊರಟುಹೋದಳು.

ಎಂಟು ದಿನ ಹೋಗಿ ಇಪ್ಪತ್ತಾದವು. ಶಾಂತವ್ವ ಫೋನ್ ಮಾಡಿದಾಗಲೆಲ್ಲ ಚಾಚಾ ಕೈಸನ್ನೆ ಮಾಡುತ್ತಿದ್ದರು, ನಾನು "ನಾಳೆ" ಎನ್ನುತ್ತಿದ್ದೆ. ಕೊನೆಯ ಸಲ ಅವಳು ಬೈಯಲಿಲ್ಲ, ಅದೇ ಕೆಟ್ಟದಾಯಿತು. "ನಿನ್ನೆ ನಾಕ ಮಂದಿ ಉಂಡ್ರಪಾ. ಈ ವಾರದಾಗ ಕಲ್ಲು ಬರಲಿಲ್ಲಂದ್ರ ಬಾಗಲಾ ಹಾಕತೀನಿ" ಎಂದಳು.

ನನಗೆ ತಡೆಯಲಿಲ್ಲ. ಗೆಳೆಯನ ಫೋನ್ ಇಸಿದುಕೊಂಡು, ಮೂಲೆಯ ಚಹಾದಂಗಡಿಯ ಹಿಂದೆ ನಿಂತು, ಮೂಗಿನಲ್ಲಿ ತುಸು ಬೆಂಗಳೂರು ತುಂಬಿಕೊಂಡು ಚಾಚಾಗೆ ಫೋನ್ ಮಾಡಿದೆ.

"ಸರ್, ನಿಮ್ಮ ಕೇಸು ಪರೀಕ್ಷೆ ಮಾಡಿದ್ವಿ. ಧೈರ್ಯವಾಗಿ ಎಪಾಕ್ಸಿ ಹಾಕಿ ಕೊಟ್ಬಿಡಿ."

"ಬಡದ್ರ ತಡೀತೈತ್ರಿ?"

"ಎಷ್ಟು ಬೇಕಾದ್ರೂ ಬಡೀಲಿ ಸರ್. ನೂರು ರೊಟ್ಟಿ ಬಡೀಲಿ."

"ಆತ್ರಿ ಸರ."

ಗೆದ್ದೆನೆಂದು ಅಂಗಡಿಗೆ ಮರಳಿದೆ. ಚಾಚಾ ತಲೆ ಎತ್ತದೆ ಕೇಳಿದರು: "ಬೆಂಗಳೂರಾಗ ರೊಟ್ಟಿ ಬಡ್ಯಾಕ ಯಾವಾಗ ಕಲತರಪಾ?"

ಮಿಮಿಕ್ರಿಯವನಿಗೆ ಇದಕ್ಕಿಂತ ಅವಮಾನವಿಲ್ಲ. ದನಿ ಸರಿಯಿತ್ತು, ತಿಳಿವಳಿಕೆ ಹೆಚ್ಚಾಗಿತ್ತು. ಬೈಗುಳಕ್ಕಾಗಿ ಕಾದೆ. ಅವರು ಎಪಾಕ್ಸಿ ಹಾಕಿದ ಕಲ್ಲನ್ನೇ ಮುಂದೆ ಎಳೆದು, ಕೂಡಿಸಿದ ಗೆರೆಯಲ್ಲಿ ಸೂಜಿ ಆಡಿಸಿದರು. ಒಣಗಿದ ಹಿಟ್ಟು ಬಂತು. ಅದರ ಜೊತೆ, ಕತ್ತರಿಸಿದ ಉಗುರಿನಂಥ ಅಂಟಿನ ಚೂರೊಂದು.

"ಇದು ಎಲ್ಲಿಗೆ ಹೋಗತಿತ್ತು ಹೇಳು? ನಾಕ ಮಂದಿ ಉಂಡ್ರು ಅಂದಳಲ್ಲ, ಅವರ ಹೊಟ್ಟಿಗೆ."

"ಬ್ಯಾರೆ ಅಂಟು?"

"ಐದೂ ನೋಡಿದೆ. ಇದಕ್ಕ ಅಂಟಿಲ್ಲ. ತಿಳದು ಒಂದು ವಾರ ಆತು."

"ಮತ್ತ ಹೇಳಬೇಕಿಲ್ಲೋ ಆಕಿಗೆ?"

"ಹ್ಯಾಂಗ ಹೇಳ್ಲಿ?" ಎಂದರು ಚಾಚಾ. ಮಾರಾಟಗಾರರನ್ನು ಕಲ್ಲಿನ ಮೇಲೆ ನಿಲ್ಲಿಸಿ ಚಹಾ ಕುಡಿಯುವ ಮನುಷ್ಯ ಒಬ್ಬ ಮುದುಕಿಗೆ ಹೆದರಿ ಒಂದು ವಾರ ಸುಮ್ಮನೆ ರೊಟ್ಟಿ ಬಡಿಯುತ್ತ ಕುಳಿತಿದ್ದರು.

ಮರುದಿನ ಮುರಿದ ಅಂಚುಗಳನ್ನು ನೆಟ್ಟಗೆ ಕೊಯ್ದು, ಮೂಲೆ ತಿಕ್ಕಿ, ಎರಡು ಸಣ್ಣ ಹಲಗೆ ಮಾಡಿದರು. ಟೆಂಪೊದಲ್ಲಿ ಬ್ಯಾಡಗಿಗೆ ಹೋದೆವು. ಶಾಂತವ್ವ ನಗುತ್ತ ಹೊರಗೆ ಬಂದಳು. ಚೀಲ ಬಿಚ್ಚಿದಾಗ ನಗು ನಿಂತಿತು.

"ಕೂಡಸಾಕ ಆಗಲಿಲ್ಲಕ್ಕಾ. ಹೊಟ್ಟಿಗೆ ಹೋಗೋ ಕಲ್ಲಿಗೆ ಹಚ್ಚೋವಂಥ ಅಂಟು ನನ್ನ ಕಡೆ ಇಲ್ಲ. ಲಗೂ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತು" ಎಂದರು ಚಾಚಾ.

ಅವಳು ಎರಡೂ ಹಲಗೆ ಎತ್ತಿಕೊಂಡು ಒಳಗೆ ಹೋದಳು. ದೊಡ್ಡದನ್ನು ಒಲೆಯ ಮುಂದಿಟ್ಟು, ಹಿಟ್ಟು ಉದುರಿಸಿ ಬಡಿದಳು. ತಲೆಯಾಡಿಸಿ ಅದನ್ನು ಸರಿಸಿದಳು. ಸಣ್ಣದನ್ನು ಎಳೆದುಕೊಂಡು ಬಡಿದಳು. ಕೈ ನಿಂತಿತು. ಸೆರಗಿನಿಂದ ಹಿಟ್ಟು ಒರೆಸಿ, ಬರಿಯ ಕಲ್ಲಿನ ಮೇಲೆ ಬರಿಯ ಅಂಗೈಯಿಂದ ಮತ್ತೊಮ್ಮೆ ಬಡಿದಳು.

"ನಮ್ಮವ್ವ ಒಳಗ ರೊಟ್ಟಿ ಬಡಿಯೋ ಮುಂದ, ನಾ ಹೊರಗ ಕುಂತ್ರ, ಹಿಂಗ ಕೇಳತಿತ್ತು" ಎಂದಳು.

ರಸ್ತೆಯಲ್ಲಿ ಹೋಗುತ್ತಿದ್ದ ಮಾರುಕಟ್ಟೆಯ ಹಮಾಲನೊಬ್ಬ ಆ ಸಪ್ಪಳಕ್ಕೆ ನಿಂತು ಒಳಗೆ ಇಣುಕಿದ.

"ಅಕ್ಕಾ, ಚಾಲೂ ಆತೇನು?"

ಶಾಂತವ್ವ ಅಂಗೈಯನ್ನು ಇನ್ನೂ ಕಲ್ಲಿನ ಮೇಲಿಂದ ತೆಗೆದಿರಲಿಲ್ಲ. ಚಾಚಾ ಚಪ್ಪಲಿ ಬಿಟ್ಟು ಒಳಗೆ ಬಂದು, ಹಿಟ್ಟಿನ ಬುಟ್ಟಿಯನ್ನು ಅವಳ ಕಡೆ ಸರಿಸುತ್ತ, ತಮ್ಮದೇ ಖಾನಾವಳಿ ಎನ್ನುವಂತೆ ಹೇಳಿದರು:

"ಆಗೈತಿ. ಕೈ ತೊಳಕೊಂಡು ಕುಂದ್ರಿ."