ಗತ್ತಿಗೊಂದು ಸಲೈನು

ಹೆಣ್ಣು ನೋಡಲು ಬೀಗರು ಬರುತ್ತಾರೆಂದಾಗ, ನೇತ್ರಾವತಿ ಮಾಡಿಕೊಳ್ಳಬೇಕಾದ ಸಿಂಗಾರವನ್ನೆಲ್ಲ ಅವಳಪ್ಪ ಹುಚ್ಚೀರಪ್ಪನೇ ಮಾಡಿಕೊಂಡ. ಹೊಸ ಧೋತರ ತಂದ. ಮೀಸೆಗೆ ಕಪ್ಪು ಹಚ್ಚಿದ. ಅಷ್ಟಾದರೂ ಕನ್ನಡಿಯೊಳಗಿನ ಮುಖ ಸೊರಗಿಯೇ ಕಂಡಿದ್ದರಿಂದ ಗಂಗಾವತಿಯ ಒಂದು ದವಾಖಾನೆಗೆ ಹೋಗಿ ವಿಟಮಿನ್ ಸಲೈನು ಏರಿಸಿಕೊಂಡು ಬಂದ. ಮಾವನನ್ನು ಕಂಡರೆ ಅಳಿಯ ನಡುಗಬೇಕೆಂಬುದು ಅವನ ಸಿದ್ಧಾಂತ. (ಅವನ ಮನೆಯಲ್ಲಿ ಇದುವರೆಗೆ ನಡುಗುತ್ತಿದ್ದುದು ಹಳೆಯ ಫ್ಯಾನೊಂದೇ.)

ಸೂಜಿ ತೆಗೆಯುವಾಗ ನರ್ಸಮ್ಮ ಏನೇನೋ ಹೇಳಿದ್ದಳು. ಹುಚ್ಚೀರಪ್ಪನಿಗೆ ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಆಗಲೇ ಮೈಯಲ್ಲಿ ಆನೆಬಲ ಹೊಕ್ಕಿತ್ತು. ಶ್ರೀರಾಮನಗರದ ಮನೆ ಮುಟ್ಟಿದವನೇ ಪಡಸಾಲೆಯ ಅಕ್ಕಿ ಚೀಲಕ್ಕೆ ಕೈಹಾಕಿದ.

"ಸೂಜಿ ಚುಚ್ಚಿದ ಕೈ ಅದು. ಸುಮ್ನ ಒಂದ ಕಡೆ ಕುಂದರ್ರಿ," ಎಂದಳು ಹೆಂಡತಿ ಹೊಳಿಯಮ್ಮ.

"ನಿನಗೇನ ಗೊತ್ತೈತಿ? ಒಳಗ ವಿಟಮಿನ್ ಕುದಿಯಾಕ ಹತ್ತೈತಿ," ಎಂದು ಚೀಲ ಎತ್ತಿ ಒಳಗಿಟ್ಟ.

ಬೆಳಗಾಗುವಷ್ಟರಲ್ಲಿ ಮೊಣಕೈ ಸಂದು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ತುಂಬುತೋಳಿನ ಅಂಗಿ ತೊಟ್ಟು ಮುಚ್ಚಿಕೊಂಡ.

ಹುಲಿಹೈದರದಿಂದ ಹುಡುಗ ದುರಗೇಶ, ಅವನ ತಾಯಿ ದ್ಯಾಮವ್ವ ತಮ್ಮದೇ ಆಟೋದಲ್ಲಿ ಬಂದಿಳಿದರು. ಹುಚ್ಚೀರಪ್ಪ ಮೀಸೆ ತಿರುವಿ, "ಸಿಟ್ಟು ಬಂದ್ರ ನಾ ಮನುಷ್ಯಾನ ಅಲ್ಲ ನೋಡ್ರಿ," ಎಂದು ಪೀಠಿಕೆ ಹಾಕಿದ. ದ್ಯಾಮವ್ವ ಉಪ್ಪಿಟ್ಟಿನ ತಾಟನ್ನು ಮೆಲ್ಲಗೆ ಅತ್ತ ಸರಿಸಿದಳು.

ಅಷ್ಟರಲ್ಲಿ ಹುಚ್ಚೀರಪ್ಪ ಒಂದಕ್ಕೆಂದು ಎದ್ದು ಹೋದ. ನೋಡುತ್ತಾನೆ, ಅರಿಷಿಣ ಕಲಸಿದಂಥ ಹಳದಿ. ಹೊರಬಂದವನೇ ಹೊಸ್ತಿಲ ಮೇಲೆ ಕುಸಿದು ದುರಗೇಶನ ಕೈ ಹಿಡಿದುಕೊಂಡ.

"ನನಗ ಕಾಮಾಲಿ ಆಗೈತಪ್ಪ. ನನ್ನ ಕತಿ ಮುಗೀತು. ನೇತ್ರಾನ ಕೈ ಬಿಡಬ್ಯಾಡ," ಎಂದು ಅತ್ತ. ಕಣ್ಣೀರಿಗೆ ಮೀಸೆಯ ಕಪ್ಪು ಕರಗಿ ಗದ್ದಕ್ಕಿಳಿಯಿತು.

ಪಾಪ, ದುರಗೇಶ ಅವನನ್ನು ಎತ್ತಿ ಆಟೋದಲ್ಲಿ ಕೂರಿಸಿ ಎಲ್ಲರನ್ನೂ ಅದೇ ದವಾಖಾನೆಗೆ ಕರೆತಂದ.

ನರ್ಸಮ್ಮ ಅಂಗಿಯ ತೋಳು ಸರಿಸಿ ನೋಡಿದಳು. "ಈ ವಿಟಮಿನ್ ಹಾಕಿದ್ರ ಒಂದಕ್ಕ ಹಳದಿ ಬರ್ತೈತಿ, ಅಂಜಬ್ಯಾಡ್ರಿ, ನೀರು ಕುಡೀರಿ, ಈ ಕೈಲೆ ಭಾರ ಎತ್ತಬ್ಯಾಡ್ರಿ ಅಂತ ನಿನ್ನೆ ಹೇಳಿದ್ನಲ್ರಿ. ನೀವು ಹೂಂ ಅಂದಿದ್ರಿ."

"ಇವರು ಸಲೈನ್ ಯಾಕ ಹಾಕಿಸ್ಕೊಂಡಿದ್ರವ್ವಾ?" ಎಂದಳು ದ್ಯಾಮವ್ವ.

"ಬೀಗರ ಮುಂದ ಗತ್ತು ಕಾಣಬೇಕಂತ್ರಿ."

ಹುಚ್ಚೀರಪ್ಪ ಹೆಗಲ ಮೇಲಿನ ಟವೆಲು ಮುಖಕ್ಕೆ ಎಳೆದುಕೊಂಡ. ಅದರ ಒಳಗಿನಿಂದಲೇ, "ಅಕ್ಕಾರ, ನನ್ನ ಹುಚ್ಚಾಟಕ್ಕ ಮಗಳನ್ನ ಬ್ಯಾಡ ಅನಬ್ಯಾಡ್ರಿ," ಎಂದ. ದನಿ ನಿಜವಾಗಿಯೂ ಒಡೆದಿತ್ತು.

"ಖರೇ ಹೇಳಲೇನ್ರಿ ಅಣ್ಣಾರ?" ಎಂದಳು ದ್ಯಾಮವ್ವ. "ನೀವು ಮೀಸಿ ತಿರುವೂದು ನೋಡಿ, ಇಂಥ ಜೋರಿನ ಮಾವ ನಮ್ಮ ಹುಡುಗಗ ಬ್ಯಾಡ, ಎದ್ದು ಹೋಗಿಬಿಡೂನು ಅಂತ ಮಾಡಿದ್ದೆ. ಈಗ ನೋಡಿದ್ರ ನೀವು ಭಾಳ ಪುಕ್ಕಲ ಅದೀರಿ. ಮಾತು ಮುಂದುವರಿಸೂನು."

"ಪುಕ್ಕಲ ಅನ್ನೂದಕ್ಕ ನಾ ಸಾಕ್ಷಿ," ಎಂದಳು ಹೊಳಿಯಮ್ಮ, ಹೆಮ್ಮೆಯಿಂದ.

ಪುಕ್ಕಲ ಹೌದೋ ಅಲ್ಲವೋ ಎಂಬಂತೆ ಎಲ್ಲರೂ ಹುಚ್ಚೀರಪ್ಪನತ್ತ ತಿರುಗಿದರು. ಮಗಳ ಮದುವೆಯ ಪ್ರಶ್ನೆ. ಅವನು ಟವೆಲಿನೊಳಗೆ ಹೂಂ ಎಂದ.

"ಸರಿಯಾಗಿ ಕೇಳ್ಸಲಿಲ್ಲ ನೋಡ್ರಿ," ಎಂದಳು ದ್ಯಾಮವ್ವ.

ಅವನು ಟವೆಲು ತೆಗೆದು ಮತ್ತೊಮ್ಮೆ, ಜೋರಾಗಿ ಹೇಳಬೇಕಾಯಿತು.