ನಮ್ಮ ಮಾವ ಕಾರು ಹಿಡಿದು ತಂದದ್ದು

ಎತ್ತು ಕೊಳ್ಳುವ ಹಾಗೆ ಕಾರು ಕೊಂಡವರನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ನಮ್ಮ ಸೋದರಮಾವನನ್ನು ನೀವು ಕಂಡಿಲ್ಲ ಎಂದೇ ಅರ್ಥ! ಹಲಸೂರಿನ ಹಳೆಯ ಬೇಸಾಯಗಾರರು ಅವರು. ದನದ ವ್ಯಾಪಾರದಲ್ಲಿ ತಮ್ಮನ್ನು ಏಮಾರಿಸುವವರು ಇನ್ನೂ ಹುಟ್ಟಿಲ್ಲ ಎಂದು ತಾವೇ ಸಾರಿಕೊಂಡು ತಿರುಗುತ್ತಿದ್ದರು.

ಕಾರು ಬೇಕಾದದ್ದು ಅತ್ತೆಗಾಗಿ. ಹಿತ್ತಲಲ್ಲಿ ಜಾರಿ ಬಿದ್ದು ಬೆನ್ನು ನೋಯಿಸಿಕೊಂಡ ಮೇಲೆ ಅವರಿಗೆ ರೈಲು ಹತ್ತಲೂ ಆಗದು, ಎತ್ತಿನ ಗಾಡಿಯ ಕುಲುಕಾಟವಂತೂ ದೂರದ ಮಾತು. ಅವರ ತಾಯಿಯೋ ಕೃಷ್ಣರಾಜಪುರದಲ್ಲಿ ಹಾಸಿಗೆ ಹಿಡಿದು ಮಗಳ ಹೆಸರನ್ನೇ ಕನವರಿಸುತ್ತಿದ್ದರು.

ಯುದ್ಧ ಮುಗಿದು ದಂಡಿನ ದೊರೆಗಳು ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಕಾಕ್ಸ್ ಟೌನಿನ ದೊರೆಯೊಬ್ಬ ಕಾರು ಮಾರುತ್ತಾನೆಂದು ಮಾವ ನನ್ನನ್ನೂ ಎಳೆದುಕೊಂಡು ಹೊರಟರು. ಕಾರಿನ ಸುತ್ತ ಮೂರು ಸುತ್ತು ಬಂದರು. ಬೆನ್ನು ತಟ್ಟಿದರು. ಕೆಟ್ಟ ಸುಳಿ ಇದೆಯೇ ಎಂದು ಬಣ್ಣದ ಮೇಲೆ ಕೈಯಾಡಿಸಿದರು! ಕೊನೆಗೆ ಸಂತೆಯ ಪದ್ಧತಿಯಂತೆ ದೊರೆಯ ಕೈಯ ಮೇಲೆ ಟವಲು ಮುಚ್ಚಿ, ಒಳಗೆ ಅವನ ಬೆರಳು ಹಿಡಿದು ಬೆಲೆ ಹೇಳತೊಡಗಿದರು. ದೊರೆ ಕೆಂಪಾದ. ವರಾಂಡದಲ್ಲಿದ್ದ ದೊರೆಸಾನಿ ಟೀ ಚೆಲ್ಲಿದಳು. ಬೆರಳು ಬಿಡಿಸಿಕೊಂಡರೆ ಸಾಕೆಂದು ಅವನು ಒಪ್ಪಿಯೇಬಿಟ್ಟ!

ಕಾರನ್ನು ತಳ್ಳಿಸಿಕೊಂಡು ಶಿವಾಜಿನಗರದ ಗ್ಯಾರೇಜಿಗೆ ತಂದೆವು. ಮೇಸ್ತ್ರಿ ಸಾಬರು ಅಡಿಗೆ ನುಸುಳಿ ನೋಡಿ, "ಬ್ರೇಕೇ ಇಲ್ಲ ಯಜಮಾನ್ರೆ!" ಎಂದರು.

"ನಮ್ ಎತ್ಗೇನ್ ಬ್ರೇಕ್ ಇತ್ತಾ?"

"ಎತ್ತಿಗೆ ಬುದ್ಧಿ ಇತ್ತಲ್ಲಾ!"

ಬ್ರೇಕು ಹಾಕಿಸಿದ್ದಾಯಿತು. ಮಾವ ಮನೆಯಿಂದ ತಂದಿದ್ದ ಹರಳೆಣ್ಣೆಯನ್ನು ಸ್ಪ್ರಿಂಗಿಗೆಲ್ಲ ತಾವೇ ಉಜ್ಜಿದರು. "ಹುರುಳೀನೂ ಬೇಯ್ಸಿ ಹಾಕ್ಬಿಡಿ," ಎಂದರು ಸಾಬರು.

ಆಮೇಲೆ ಪರೀಕ್ಷೆ. ಸಾಬರು ಓಡಿಸಬೇಕು, ಮಾವ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರಬೇಕು. ಕೃಷ್ಣರಾಜಪುರಕ್ಕೆ ಹೋಗುವ ಮದ್ರಾಸು ರಸ್ತೆಯ ಒಂದು ಹಳ್ಳವನ್ನೂ ಬಿಡಕೂಡದೆಂದು ಅಪ್ಪಣೆ! ಪ್ರತಿ ಎತ್ತರ ತಗ್ಗಿಗೂ ನಿಲ್ಲಿಸುವುದು, ಸೀಟಿನೊಳಗೆ ಇನ್ನಷ್ಟು ಹತ್ತಿ ತುರುಕುವುದು, ಮತ್ತೆ ಹಿಂದಕ್ಕೆ ಹೋಗಿ ಅದೇ ಹಳ್ಳಕ್ಕೆ ಇಳಿಸುವುದು. ನನ್ನ ಸೊಂಟ ಕಳಚಿತು.

"ಹಳ್ಳ ತಪ್ಪಿಸ್ಕೊಂಡ್ ಹೋಗೋಕ್ ಹೇಳಿ ಮಾವ, ಇದ್ಯಾವ ಹುಚ್ಚು!" ಎಂದು ರೇಗಿದೆ.

ಮಾವ ಕಣ್ಣು ತೆರೆಯಲಿಲ್ಲ. "ಅವ್ಳು ನೋವಾದ್ರೆ ಬಾಯ್ ಬಿಟ್ಟು ಹೇಳೋಳಲ್ಲ ಕಣೋ. ಎಲ್ಲೆಲ್ಲಿ ನೋವಾಗ್ತದೆ ಅಂತ ನಾನೇ ಕೂತು ನೋಡ್ಬೇಕು."

ನನ್ನ ಸಿಟ್ಟೆಲ್ಲ ಅಲ್ಲಿಗೆ ಇಂಗಿಹೋಯಿತು.

ಮರುದಿನ ಕೃಷ್ಣರಾಜಪುರದಲ್ಲಿ ಅತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದರು. "ನೋವಾಯ್ತಾ?" ಎಂದರು ಮಾವ.

"ನಂಗೇನೂ ಆಗ್ಲಿಲ್ಲ. ನೀವ್ಯಾಕ್ ಬೆನ್ ಹಿಡ್ಕೊಂಡಿದ್ದೀರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅತ್ತೆ ತಾಯಿಯ ಬಳಿಗೆ ಓಡಿದರು.